ಬಿರುಕಿನೊಳಗಿನ ಮುಜಂಟಿ

ಹಳೆಯ ಮಣ್ಣಿನ ಗೋಡೆಯಿಂದ ಕಿರುಬೆರಳಿನ ತುದಿಯಷ್ಟು ಹೊರಚಾಚಿದ ಅಂಟಂಟು ಕೊಳವೆ, ಅದರ ಬಾಯಲ್ಲಿ ನಾಲ್ಕಾರು ಕರಿ ತಲೆಗಳ ಕಾವಲು. ಇಷ್ಟು ಕಂಡರೆ ಒಳಗೆ ಮುಜಂಟಿ ಸಂಸಾರ ಹೂಡಿದೆ ಎಂದೇ ತಿಳಿಯಬೇಕು. ಮಿಸರಿ, ನಸರಿ ಎಂದೂ ಕರೆಸಿಕೊಳ್ಳುವ ಈ ಕುಟುಕದ ಜೇನನ್ನು ವಿಜ್ಞಾನ ಮೊದಲು ನೋಡಿದ್ದು ಸೂಜಿ ಚುಚ್ಚಿದ ಒಣ ಹುಳುವಾಗಿ. 1854ರಲ್ಲಿ ಫ್ರೆಡರಿಕ್ ಸ್ಮಿತ್ ಸಿಲೋನಿನ ಮಾದರಿಗೆ ಟ್ರೈಗೋನಾ ಇರಿಡಿಪೆನ್ನಿಸ್ ಎಂದು ಹೆಸರಿಟ್ಟ. ಈಗ ಅದು ಟೆಟ್ರಗೋನುಲಾ. 1978ರಲ್ಲಿ ಜಪಾನಿನ ಸಕಗಾಮಿ ಏಷ್ಯಾದ ಈ ಗುಂಪನ್ನು ವಿಂಗಡಿಸುವವರೆಗೂ ಬಹುಪಾಲು ಚರ್ಚೆ ರೆಕ್ಕೆ, ರೋಮಗಳದ್ದೇ.

ನಮ್ಮಲ್ಲಿ ಗೂಡಿನ ಒಳಹೊಕ್ಕು ಅಳೆದವರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ದಾನರಡ್ಡಿ, ವಿರಕ್ತಮಠ ಮೊದಲಾದವರು ಮುಖ್ಯರು. ಅವರ ಬರಹ ಬಂದದ್ದು 2009ರಲ್ಲಿ. ಮುಜಂಟಿಯ ಗೂಡಿನಲ್ಲಿ ತುಡುವೆಯಂತೆ ಇಳಿಬಿದ್ದ ಎರಿಗಳಿಲ್ಲ. ಮರಿಗಳ ಕೋಣೆಗಳು ಗೊಂಚಲು ಗೊಂಚಲಾಗಿರುತ್ತವೆ. ಪರಾಗಕ್ಕೂ ತುಪ್ಪಕ್ಕೂ ಬೇರೆ ಬೇರೆ ಕುಡಿಕೆಗಳು. ಎಲ್ಲದಕ್ಕೂ ಮೇಣದ ಜೊತೆ ಮರದ ಅಂಟು ಬೆರೆಯಬೇಕು. ಕೋಣೆಗೆ ಮೊದಲೇ ಆಹಾರ ತುಂಬಿ, ರಾಣಿ ಮೊಟ್ಟೆಯಿಟ್ಟ ಕೂಡಲೇ ಮುಚ್ಚಿಬಿಡುತ್ತವೆ. ಆಮೇಲೆ ಮರಿಗೆ ತುತ್ತುಣಿಸುವ ಕೆಲಸವಿಲ್ಲ. ಹೊಟ್ಟೆ ಉಬ್ಬಿದ ಹಳೆ ರಾಣಿ ಹಾರಲಾರಳು. ಹಾಗಾಗಿ ಕುಟುಂಬ ಪಾಲಾಗುವಾಗ ಹೊರಡುವವಳು ಮಗಳು, ತಾಯಿಯಲ್ಲ. ಹೊಸ ಗೂಡಿಗೆ ಮೇಣ, ಆಹಾರ ಹಳೆಯ ಗೂಡಿನಿಂದಲೇ ಸಾಗುತ್ತವೆ.

ಎಲ್ಲಿ ಗೂಡು ಕಟ್ಟುತ್ತವೆ? 2013ರಲ್ಲಿ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ಇದೇ ಪ್ರಶ್ನೆ ಹಿಡಿದು ಒಂದು ಸಮೀಕ್ಷೆ ನಡೆಯಿತು. ಇಂಥ ಎಣಿಕೆಗಳ ಬಗ್ಗೆ ನನಗೊಂದು ತಕರಾರಿದೆ. ಗೋಡೆಯ ಗೂಡು ದಾರಿಹೋಕರಿಗೂ ಕಾಣುತ್ತದೆ, ಹಲಸಿನ ಮರದ ಎತ್ತರದ ಪೊಟರೆಯದು ಕಾಣುವುದಿಲ್ಲ. ಗೋಡೆಯಲ್ಲಿ ಹೆಚ್ಚು ಸಿಕ್ಕಿತೆಂದ ಮಾತ್ರಕ್ಕೆ ಗೋಡೆಯೇ ಇಷ್ಟ ಎನ್ನಲಾಗದು.

ಮಲೇಷ್ಯಾದ ಸಬಾ ಕಾಡುಗಳಲ್ಲಿ ಥಾಮಸ್ ಎಲ್ಟ್ಸ್ ತಂಡ ಪ್ರಶ್ನೆಯನ್ನೇ ತಿರುಗಿಸಿತು. 2002ರಲ್ಲಿ ಅವರು ತೋರಿಸಿದ್ದು: ಗೂಡುಗಳ ಸಂಖ್ಯೆಗೆ ಮಿತಿ ಹಾಕುವುದು ಪೊಟರೆಗಿಂತ ಮುಖ್ಯವಾಗಿ ಆಹಾರ, ಅದರಲ್ಲೂ ಪರಾಗ.

ಮೇವಿನ ಅಧ್ಯಯನ ಬೇರೆ ದಾರಿಯಲ್ಲಿ ಬೆಳೆಯಿತು. ಲಿಂಡಾವರ್ ಮತ್ತು ಕೆರ್ 1960ರ ಹೊತ್ತಿಗೆ ಬ್ರೆಜಿಲ್‌ನ ಕೆಲವು ಕುಟುಕದ ಜೇನು ಪ್ರಭೇದಗಳು ಎಲೆ-ಕಡ್ಡಿಗಳ ಮೇಲೆ ವಾಸನೆಯ ಗುರುತಿಟ್ಟು ಜೊತೆಗಾರರನ್ನು ಹೂವಿಗೆ ಕರೆದೊಯ್ಯುವುದನ್ನು ಕಂಡಿದ್ದರು. ಧಾರವಾಡದವರು ಹೂಗಿಡಗಳ ಪಟ್ಟಿ ಮಾಡಿದರು, ಪಟ್ಟಿ ಉಪಯುಕ್ತವೇ. ಆದರೆ ನಾಲ್ಕು ಮಿಲಿಮೀಟರಿನ ಆಸುಪಾಸಿನ ಹುಳು ಗೂಡಿನಿಂದ ಕೆಲವು ನೂರು ಮೀಟರ್ ಆಚೆಗೆ ಹೆಚ್ಚಾಗಿ ಹೋಗದು. ಅಷ್ಟು ಸಣ್ಣ ವರ್ತುಲದಲ್ಲಿ ವರ್ಷವಿಡೀ ಪರಾಗ, ಮಕರಂದ, ಅಂಟು ಮೂರೂ ಸಿಗಬೇಕು. ಅಂಟು ಸುರಿಸುವ ಮರಗಳ ಲೆಕ್ಕ ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಆಗಬೇಕಿದೆ.

ಈ ನಡುವೆ ಹೆಸರಿನ ತೊಡಕು ಮತ್ತೆ ಎದ್ದಿದೆ. ಭಾರತ ಉಪಖಂಡದ ಕುಟುಕದ ಜೇನುಗಳನ್ನು ರಾಸ್ಮುಸೆನ್ 2013ರಲ್ಲಿ ಹೊಸದಾಗಿ ಪರಿಶೀಲಿಸಿದ ಮೇಲೆ, ಸಿಕ್ಕಿದ್ದನ್ನೆಲ್ಲ ಇರಿಡಿಪೆನ್ನಿಸ್ ಎನ್ನುವ ರೂಢಿಗೆ ನೆಲೆಯಿಲ್ಲದಂತಾಗಿದೆ. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಈ ಬಗೆಯ ತುಪ್ಪದಲ್ಲಿ ಟ್ರೆಹಲುಲೋಸ್ ಎಂಬ ಅಪರೂಪದ ಸಕ್ಕರೆ ಗುರುತಿಸಿದ್ದು ಬೇಡಿಕೆಯನ್ನು ಇನ್ನಷ್ಟು ಏರಿಸುವಂಥದ್ದೇ. ಸಬಾದ ಮಾತು ಇಲ್ಲಿಗೂ ಸಲ್ಲುವುದಾದರೆ, ಒಂದು ಅಡಿಕೆ ತೋಟಕ್ಕೆ ಎಷ್ಟು ಜೇನುಪೆಟ್ಟಿಗೆ ಇಡಬಹುದು ಎಂಬುದನ್ನು ಪೆಟ್ಟಿಗೆ ಮಾರುವವರಲ್ಲ, ಅಲ್ಲಿನ ಹೂವಿನ ಪರಾಗ ಅಳೆದವರು ಹೇಳಬೇಕು.