ಅಮಲಿಗೆ ಶಿಕ್ಷೆ: ಚರಿತ್ರೆ ಕಲಿಸುವ ಪಾಠ

ಮಾದಕ ವಸ್ತುಗಳ ಕುರಿತು ಜುಮಾ ಖುತ್ಬಾ ನೀಡಿದ ದಿನ ಒಬ್ಬ ತಂದೆ ಎಲ್ಲರೂ ಮಸೀದಿಯಿಂದ ಹೋಗುವವರೆಗೆ ಕಾದು ನಿಂತಿದ್ದರು. "ಉಸ್ತಾದರೇ, ಮಗ ಗಾಂಜಾ ಸೇದುತ್ತಾನೆ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸಾಗುತ್ತದಾ?" ಎಂದು ಮೆಲ್ಲಗೆ ಕೇಳಿದರು. ಅಂದು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ನಂತರ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮಲು ಹರಾಮ್ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅಲ್ಲಾಹನು ಮದ್ಯವನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಮೊದಲು ಅದರ ಕೆಡುಕು ಲಾಭಕ್ಕಿಂತ ದೊಡ್ಡದೆಂದು ತಿಳಿಸಿದನು. ಬಳಿಕ ಅಮಲಿನಲ್ಲಿ ನಮಾಝ್ ಬೇಡವೆಂದನು. ಕೊನೆಗೆ ಪೂರ್ಣ ನಿಷೇಧ ಬಂತು. ಪ್ರವಾದಿ(ಸ)ರ ಕಾಲದಲ್ಲಿ ಕುಡಿದು ಸಿಕ್ಕವನಿಗೆ ಖರ್ಜೂರದ ಗರಿ, ಚಪ್ಪಲಿಗಳಿಂದ ಹೊಡೆದ ವರದಿಗಳಿವೆ. ಅಬೂಬಕ್ಕರ್(ರ)ರ ಕಾಲದಲ್ಲಿ ನಲವತ್ತು ಏಟು. ಕುಡಿತ ಹೆಚ್ಚಿದಾಗ ಉಮರ್(ರ) ಸಹಾಬಿಗಳೊಂದಿಗೆ ಸಮಾಲೋಚಿಸಿ ಎಂಬತ್ತು ಮಾಡಿದರು. ಮುಂದೆ ಇಮಾಮ್ ಶಾಫಿಈ ನಲವತ್ತನ್ನು ಮೂಲ ಶಿಕ್ಷೆ ಎಂದರು. ಇಮಾಮ್ ಅಬೂಹನೀಫಾ, ಇಮಾಮ್ ಮಾಲಿಕ್ ಎಂಬತ್ತು ಎಂದರು. ಶಿಕ್ಷೆ ಎಷ್ಟಿರಬೇಕೆಂಬ ಚರ್ಚೆ ನಮ್ಮ ಪರಂಪರೆಗೆ ಹೊಸದಲ್ಲ.

ನಮ್ಮ ದೇಶದ ಕಥೆ ಬೇರೆ. ಇಲ್ಲಿ ಮೊದಲು ಸರಕಾರವೇ ಅಫೀಮಿನ ವ್ಯಾಪಾರಿಯಾಗಿತ್ತು. ಈಸ್ಟ್ ಇಂಡಿಯಾ ಕಂಪೆನಿ ಬಂಗಾಳದ ಅಫೀಮನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಆ ಅಫೀಮು ಚೀನಾವನ್ನು ತಲುಪುತ್ತಿತ್ತು. ಚೀನಾ ತಡೆಯಲು ಹೋದಾಗ 1839ರಲ್ಲಿ ಯುದ್ಧವೇ ನಡೆಯಿತು. 1857 ಮತ್ತು 1878ರ ಅಫೀಮು ಕಾನೂನುಗಳ ಕಣ್ಣು ಹೆಚ್ಚಾಗಿ ಲೈಸೆನ್ಸ್ ಮತ್ತು ಆದಾಯದ ಮೇಲಿತ್ತು. ಗಾಂಜಾ ಕುರಿತು 1893ರಲ್ಲಿ ನೇಮಿಸಿದ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು ಎಂದಿತು. ಆಯೋಗದ ಮಾತಿನಿಂದ ಹರಾಮ್ ಹಲಾಲ್ ಆಗುವುದಿಲ್ಲ. ಆದರೆ ಸೇದುವವನನ್ನು ಜೈಲಿಗೆ ಹಾಕುವುದೇ ದಾರಿ ಎಂಬ ವಿಚಾರ ಆಗ ಇರಲಿಲ್ಲ ಎಂಬುದನ್ನು ಗಮನಿಸಬೇಕು.

1930ರ ಅಪಾಯಕಾರಿ ಮಾದಕ ವಸ್ತುಗಳ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 3 ವರ್ಷ, ಮತ್ತೆ ಸಿಕ್ಕಿಬಿದ್ದರೆ 4 ವರ್ಷ. ಸ್ವಾತಂತ್ರ್ಯದ ನಂತರ ಭಾರತವು 1961ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ನೆರೆಯ ದೇಶಗಳ ಹೆರಾಯಿನ್ ನಮ್ಮ ನೆಲದ ಮೂಲಕ ಸಾಗತೊಡಗಿದಾಗ, 1985ರಲ್ಲಿ ಎನ್‌ಡಿಪಿಎಸ್ ಕಾನೂನು ಬಂತು. ಆಗಸ್ಟ್‌ನಲ್ಲಿ ಮಂಡನೆಯಾದ ಮಸೂದೆಗೆ ಸೆಪ್ಟೆಂಬರ್‌ನಲ್ಲೇ ಅಂಕಿತ ಬಿತ್ತು. ಹೆರಾಯಿನ್‌ನಂಥ ವಸ್ತುಗಳಿಗೆ ಕನಿಷ್ಠ 10, ಗರಿಷ್ಠ 20 ವರ್ಷ ಜೈಲು ಮತ್ತು ಕನಿಷ್ಠ ಒಂದು ಲಕ್ಷ ದಂಡ. ಸೇವನೆಯೂ ಪ್ರತ್ಯೇಕ ಅಪರಾಧವಾಯಿತು. 1989ರ ತಿದ್ದುಪಡಿ ಜಾಮೀನನ್ನು ಕಠಿಣಗೊಳಿಸಿತು. ಕೆಲವು ಪುನರಾವರ್ತಿತ ಅಪರಾಧಗಳಿಗೆ ಮರಣದಂಡನೆಯನ್ನೂ ಸೇರಿಸಿತು.

ಗುರಿ ಇದ್ದದ್ದು ದೊಡ್ಡ ಕಳ್ಳಸಾಗಣೆದಾರರು. ಆದರೆ ಸ್ವಂತ ಚಟಕ್ಕೆ ಇಟ್ಟುಕೊಂಡವನ ಬಳಿ ನಿಗದಿತ ಅಲ್ಪ ಪ್ರಮಾಣಕ್ಕಿಂತ ತುಸು ಹೆಚ್ಚು ಹೆರಾಯಿನ್ ಇದ್ದರೂ ಅದೇ 10 ವರ್ಷ ಕಾದಿರುತ್ತಿತ್ತು. ಈ ಅನ್ಯಾಯವನ್ನು ಸರಿಪಡಿಸಲು 2001ರಲ್ಲಿ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆ ಎಂಬ ನಿಯಮ ಬಂತು. ಗಾಂಜಾದಲ್ಲಿ 1 ಕಿಲೋವರೆಗೆ ಅಲ್ಪ ಪ್ರಮಾಣ. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಅಲ್ಪ ಪ್ರಮಾಣಕ್ಕಿದ್ದ 6 ತಿಂಗಳ ಶಿಕ್ಷೆಯನ್ನು 2014ರಲ್ಲಿ ಮತ್ತೆ 1 ವರ್ಷಕ್ಕೆ ಏರಿಸಲಾಯಿತು.

ಆ ತಂದೆಗೆ ಉತ್ತರ ಇದೇ ಕಾನೂನಿನಲ್ಲಿದೆ. 64ಎ ಸೆಕ್ಷನ್ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ಸ್ವಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. 14446 ರಾಷ್ಟ್ರೀಯ ಸಹಾಯವಾಣಿ. ಇವನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಲು ನಮಗೇನು ಅಡ್ಡಿ?

ಶಿಕ್ಷೆಯನ್ನು ಹಿಗ್ಗಿಸುವುದು ಸರಕಾರ ಮಾತ್ರವಲ್ಲ. ಅಮಲು ಸೇವಿಸುವವನ ಮನೆಯ ನಿಕಾಹ್‌ಗೆ ಜಮಾಅತ್ ಸಹಕರಿಸಬಾರದು ಎಂಬ ಮಾತು ನಮ್ಮ ಮೊಹಲ್ಲಾದಲ್ಲೂ ಬಂದಿತ್ತು. ಮಾರುವವನ ವಿಷಯದಲ್ಲಿ ನನಗೆ ಕರುಣೆಯಿಲ್ಲ. ಅವನ ಬಗ್ಗೆ ಪೊಲೀಸರಿಗೆ ತಿಳಿಸುವುದು ನಮ್ಮ ಹೊಣೆ. ಆದರೆ ಚಟಕ್ಕೆ ಬಿದ್ದ ಹುಡುಗನ ತಂಗಿ ಯಾವ ತಪ್ಪು ಮಾಡಿದ್ದಾಳೆ? ಇಂಥ ನಿರ್ಣಯವಾದರೆ ಮನೆಯವರು ರೋಗವನ್ನು ಇನ್ನಷ್ಟು ಮುಚ್ಚಿಡುತ್ತಾರೆ, ಅಷ್ಟೆ.

ಕುಡಿದು ಶಿಕ್ಷೆ ಅನುಭವಿಸಿದ ಒಬ್ಬನನ್ನು ಜನರು ಶಪಿಸಿದಾಗ ಪ್ರವಾದಿ(ಸ)ರು ತಡೆದರು. ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂಬರ್ಥದಲ್ಲಿ ಎಚ್ಚರಿಸಿದರು. ಏಟು ಬಿದ್ದ ಮೇಲೂ ಅವನು ಸಹೋದರನಾಗಿಯೇ ಉಳಿದನು.

ಆ ತಂದೆ ಮತ್ತೆ ಬಂದರೆ, ಅಥವಾ ಅವರಂಥವರು ನಿಮ್ಮ ಬಳಿ ಬಂದರೆ, ಅವರನ್ನು ಒಂಟಿಯಾಗಿ ಕಳುಹಿಸಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಅಲ್ಲಾಹನು ನಮ್ಮ ಮಕ್ಕಳನ್ನು ಅಮಲಿನಿಂದ ಕಾಪಾಡಲಿ, ಎಡವಿದವರಿಗೆ ತೌಬಾದ ಹಾದಿ ತೋರಲಿ. ಆಮೀನ್.