ಮರಳ ಬರಹವೂ ಕಡತದ ಬರಹವೂ

ನಮ್ಮ ಪ್ರಾಚೀನ ಲೇಖನಸಾಮಗ್ರಿಗಳನ್ನು ವಿಚಾರಿಸಿದ ವಿದ್ವಾಂಸರು ಶಿಲೆ, ತಾಮ್ರಪಟ, ತಾಳೆಯೋಲೆ, ಕಾಗದ ಎಂದು ಉಳಿದುಬಂದ ವಸ್ತುಗಳನ್ನೇ ಹೆಚ್ಚಾಗಿ ಗಣನೆಗೆ ತೆಗೆದುಕೊಂಡಿರುವರು. ಉಳಿಯಬೇಕೆಂಬ ಉದ್ದೇಶವೇ ಇಲ್ಲದ ಬರಹವೊಂದುಂಟು; ಅದು ಪಾಠಶಾಲೆಯ ಬಾಲಕನ ಬರಹ. ಓಲೆಯ ಮೇಲೆ ಕಾವ್ಯವನ್ನು ಪ್ರತಿಮಾಡಿದವನ ಕೈ ಮೊದಲು ಪಳಗಿದುದು ಅಳಿಸಿಹೋಗುವ ಇಂತಹ ಬರಹದಲ್ಲಿಯೇ ಆದುದರಿಂದ, ಅದರ ಚರಿತ್ರೆಯೂ ವಿಚಾರಾರ್ಹವಾದುದು.

ಮದ್ರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಪಾಠಶಾಲೆಗಳ ವಿವರವನ್ನು ಜಿಲ್ಲೆಗಳಿಂದ ತರಿಸಿದರಷ್ಟೆ. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯು ನಮಗೆ ಮುಖ್ಯವಾದ ಆಧಾರ. ಆ ಜಿಲ್ಲೆಯಲ್ಲಿ ಆಗ 533 ಪಾಠಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಪಾಠಶಾಲೆಗಳಲ್ಲಿ 235 ಕನ್ನಡದವು. ಬಾಲಕನು ಅಕ್ಷರಗಳನ್ನು ಮೊದಲು ನೆಲದ ಮರಳಿನಲ್ಲಿ ಬೆರಳಿನಿಂದ ಬರೆದೇ ಕಲಿಯುತ್ತಿದ್ದನು. ಕೈ ಕುದುರಿದ ಮೇಲೆ ಹಲಗೆಯೋ ಕಡತವೋ ದೊರೆಯುತ್ತಿತ್ತು. ಓಲೆ, ಕಾಗದಗಳೂ ಉಂಟು, ಆದರೆ ಹಲಗೆ ಕಡತಗಳೇ ಅಲ್ಲಿ ಹೆಚ್ಚು ಬಳಕೆಯವು. ಹಲಗೆಗೆ ಇದ್ದಲಿನ ಪುಡಿಯನ್ನು ಬಳಿಯುವರು. ಕಡತವೆಂದರೆ ಗಂಜಿ ಹಾಕಿ ಗಟ್ಟಿಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲು ಅಂಟುಗಳನ್ನು ಲೇಪಿಸಿದ ಬಟ್ಟೆ. ಬಳಪದಿಂದ ಬರೆದುದನ್ನು ಒದ್ದೆಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು.

ಇದು ಬಳ್ಳಾರಿಯೊಂದರ ಪದ್ಧತಿಯಲ್ಲ. ಗಣಿತಶಾಸ್ತ್ರಕ್ಕೆ ನಮ್ಮ ಪೂರ್ವಿಕರಿಟ್ಟ ಪಾಟೀಗಣಿತ, ಧೂಳೀಕರ್ಮ ಎಂಬ ಹೆಸರುಗಳೇ ಹಲಗೆಯನ್ನೂ ಧೂಳನ್ನೂ ಸೂಚಿಸುತ್ತವೆ. 1789ರಲ್ಲಿ ಮದ್ರಾಸಿನ ಅನಾಥಬಾಲಕರ ಶಾಲೆಗೆ ಮೇಲ್ವಿಚಾರಕರಾದ ಆಂಡ್ರೂ ಬೆಲ್, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತಮ್ಮ ಶಾಲೆಯಲ್ಲಿ ಆಚರಣೆಗೆ ತಂದರು. 1797ರಲ್ಲಿ ಅವರು ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಆ ಕ್ರಮವು ಇಂಗ್ಲೆಂಡಿಗೂ ಹೋಯಿತು.

ಕ್ಯಾಂಬೆಲ್ಲರು ಇದರಲ್ಲಿ ಮಿತವ್ಯಯವನ್ನು ವಿಶೇಷವಾಗಿ ಮೆಚ್ಚಿದರು. ಅದು ನಿಜವೇ. ತಿರುಮಕೂಡಲು ನರಸೀಪುರದ ಸೀಮೆಯ ಹೆಮ್ಮಿಗೆ, ತಲಕಾಡುಗಳಂತಹ ಕಾವೇರೀತೀರದ ಊರುಗಳಲ್ಲಿ ಮರಳು ಕೊಂಡು ತರತಕ್ಕ ವಸ್ತುವೇ ಅಲ್ಲ. ಆದರೆ ಇದಕ್ಕಿಂತ ಹಿರಿದಾದ ಗುಣವೊಂದುಂಟು. ಕಬ್ಬಿಣದ ಕಂಟದಿಂದ ಓಲೆಯಲ್ಲಿ ಕೊರೆದ ತಪ್ಪು ಅಲ್ಲಿಯೇ ನಿಲ್ಲುತ್ತದೆ. ಮರಳಿನ ತಪ್ಪು ಅಂಗೈಯ ಒಂದು ಸವರಿಕೆಗೆ ಇಲ್ಲವಾಗುತ್ತದೆ. ಬಾಲಕನ ಹತ್ತು ತಪ್ಪುಗಳನ್ನು ಯಾರೂ ಲೆಕ್ಕವಿಡಲಿಲ್ಲ. ಹನ್ನೊಂದನೆಯ ಸಲ ಬಂದ ಅಕ್ಷರ ಮಾತ್ರ ಅವನದಾಯಿತು. ಅಳಿಯುವ ಬರಹದಿಂದ ಅಳಿಯದ ಬರಹಕ್ಕೆ ಏರುವುದೇ ಇಲ್ಲಿಯ ಸೋಪಾನಕ್ರಮ.

ಹಾಗೆಂದು ಹಳೆಯ ಮಠಗಳನ್ನು ಸ್ವರ್ಗವೆಂದು ಬಣ್ಣಿಸುವುದು ಯುಕ್ತವಲ್ಲ. ಬೆತ್ತ, ಕೋದಂಡಗಳ ಶಿಕ್ಷೆ ಅಲ್ಲಿ ಕಡಿಮೆಯಾಗಿರಲಿಲ್ಲ. ವಿದ್ಯಾರ್ಥಿಗಳು ಅರ್ಥವರಿಯದೆ ಪದ್ಯಗಳನ್ನು ಗಟ್ಟಿಮಾಡುತ್ತಿದ್ದರೆಂದು ಕ್ಯಾಂಬೆಲ್ಲರೇ ಆಕ್ಷೇಪಿಸಿದ್ದಾರೆ. ಮರಳಿನಲ್ಲಿ ಸ್ವತಂತ್ರವಾಗಿದ್ದುದು ಕೈ ಮಾತ್ರ, ಬುದ್ಧಿಯಲ್ಲ. ಅಳಿಸುತ್ತಿದ್ದುದು ಗುರುವಿನ ಮೇಲ್ಪಂಕ್ತಿಯ ಅನುಕರಣವೇ ಹೊರತು ಶಿಷ್ಯನ ಸ್ವಂತ ಆಲೋಚನೆಯಲ್ಲ.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾಇಲಾಖೆಯೂ 1868ರಲ್ಲಿ ರೈಸ್ ಸಾಹೇಬರ ಯೋಜನೆಯಂತೆ ಹೋಬಳಿ ಸ್ಕೂಲುಗಳೂ ಏರ್ಪಟ್ಟುವು. ಕಾಲಕ್ರಮದಲ್ಲಿ ಮರಳು ಕಡತಗಳು ಮರೆಯಾದುವು, ಸ್ಲೇಟೂ ಕಾಗದವೂ ಬಂದುವು. ಅರ್ಥಬೋಧೆಗೆ ಇದರಿಂದ ಉಪಕಾರವಾಯಿತೆಂಬುದು ನಿರ್ವಿವಾದ. ಆದರೆ ಪರೀಕ್ಷೆಯ ಪ್ರಾಬಲ್ಯದಿಂದ, ವಿದ್ಯಾರ್ಥಿಯು ಬರೆಯುವ ಪ್ರತಿಯೊಂದು ಪಂಕ್ತಿಯೂ ತೀರ್ಪಿಗೆ ಒಳಗಾಗತಕ್ಕದ್ದೆಂಬ ಭಾವನೆ ಬೇರೂರಿತು. ಪದ್ಯವೊಂದನ್ನು ಓದಿ ತನಗೆ ತೋರಿದುದನ್ನು ಬರೆಯೆಂದರೆ, ಎಷ್ಟು ಗುಣಾಂಕವೆಂದು ಅವನು ಮೊದಲು ಕೇಳುವನು. ಅಂಕಕ್ಕೆ ಅಂಜಿ, ಕಂಠಪಾಠವಾದ ವಾಕ್ಯವನ್ನೇ ಒಪ್ಪಿಸುವನು. ಹೀಗೆ ಹಳೆಯ ಮಠದ ದೋಷವು ಹೊಸ ಶಾಲೆಯಲ್ಲಿ ಉಳಿದು, ಅದರ ಗುಣವು ಮಾತ್ರ ಲೋಪವಾಯಿತು.

ಇವೆರಡನ್ನೂ ಸರಿಪಡಿಸುವುದು ಸಾಹಿತ್ಯದ ಉಪಾಧ್ಯಾಯರ ಕೈಯಲ್ಲಿದೆ. ಪ್ರತಿದಿನವೂ ಪಾಠದ ನಡುವೆ ಸ್ವಲ್ಪ ಹೊತ್ತು, ತಿದ್ದದ, ಅಂಕವಿಡದ ಕಾಗದದ ಮೇಲೆ ವಿದ್ಯಾರ್ಥಿಯು ತನ್ನ ಸಂದೇಹವನ್ನೋ ಊಹೆಯನ್ನೋ ಬರೆಯಲಿ, ಬೇಡವಾದರೆ ಹರಿದುಹಾಕಲಿ. ಪೂರ್ವಿಕರು ಅಕ್ಷರಕ್ಕೆ ಕೊಟ್ಟ ಮರಳನ್ನು ನಾವು ಆಲೋಚನೆಗೂ ಕೊಡುವುದು ಉಚಿತವಾದುದು.