ಹೆಳವ, ಗವಾಯಿ, ವಿಕಲಚೇತನ: ಶಿರೂರು ಸೀಮೆಯಲ್ಲಿ ಒಂದು ಪದಚರಿತ್ರೆ

ಬಾಗಲಕೋಟೆ ತಾಲ್ಲೂಕಿನ ಶಿರೂರಿನ ಸುತ್ತಮುತ್ತ ಹೆಳವರು ಬಂದರೆಂದರೆ ಮನೆಯ ಹಿರಿಯರು ಕಟ್ಟೆಗೆ ಕಂಬಳಿ ಹಾಸುತ್ತಾರೆ. ಮುತ್ತಜ್ಜನ ಅಜ್ಜನಿಂದ ಹಿಡಿದು ಮನೆತನದ ಹೆಸರುಗಳನ್ನು ಹೇಳಿ, ಹೊಸ ಕೂಸಿನ ಹೆಸರು ಸೇರಿಸಿಕೊಂಡು, ಕಾಳು-ಕಾಣಿಕೆ ಪಡೆದು ಅವರು ಮುಂದಿನ ಊರಿಗೆ ಹೊರಡುತ್ತಾರೆ. ‘ಹೆಳವ’ ಎಂದರೆ ಕಾಲಿಲ್ಲದವ, ನಡೆಯಲಾರದವ. ಎತ್ತಿನ ಮೇಲೆ ಕೂತು ಊರೂರು ತಿರುಗಿದ ಹೆಳವನೊಬ್ಬ ತಮ್ಮ ಮೂಲಪುರುಷ ಎಂಬ ಐತಿಹ್ಯ ಈ ಸಮುದಾಯದಲ್ಲಿದೆ. ವೈಕಲ್ಯದ ಹೆಸರು ಕುಲದ ಹೆಸರಾಗಿ, ಕುಲದ ಹೆಸರು ಕಸುಬಿನ ಮರ್ಯಾದೆಯಾಗಿ ನಿಂತ ಅಪರೂಪದ ಉದಾಹರಣೆ ಇದು.

12ನೆಯ ಶತಮಾನದಲ್ಲಿಯೂ ಈ ಪದಕ್ಕೆ ಹೀನಾರ್ಥ ಅಂಟಿದಂತಿಲ್ಲ. ಹುನಗುಂದ ಸೀಮೆಯ ಕೂಡಲಸಂಗಮದ ದೇವರನ್ನು ಬಸವಣ್ಣ ತನ್ನನ್ನು ಹೆಳವನನ್ನಾಗಿ, ಅಂಧಕನನ್ನಾಗಿ, ಕಿವುಡನನ್ನಾಗಿ ಮಾಡೆಂದು ಬೇಡಿಕೊಳ್ಳುವ ವಚನವಿದೆ. ವಿಷಯಗಳ ಕಡೆಗೆ ಹರಿಯುವ ಇಂದ್ರಿಯಗಳನ್ನು ಕಟ್ಟಿಹಾಕುವ ಬೇಡಿಕೆ ಅದು. ನಿಜವಾಗಿ ನಡೆಯಲಾರದವನ ಪಾಡು ಅಲ್ಲಿ ಬರುವುದಿಲ್ಲ, ಅದನ್ನೂ ಹೇಳಬೇಕು. ಪದಗಳ ಬೇರು ಬೇರೆಬೇರೆ. ಕುರುಡು, ಕಿವುಡು ದ್ರಾವಿಡ ಮೂಲದವು. ತಮಿಳಿನಲ್ಲಿ ಕುರುಡು, ಸೆವಿಡು. ಅಂಧ ಸಂಸ್ಕೃತದ್ದು, ಮೂಗ ‘ಮೂಕ’ದ ತದ್ಭವ.

ಹಾಗಾದರೆ ಅವಮಾನ ಎಲ್ಲಿ ಹೊಕ್ಕಿತು? ನನ್ನ ತೀರ್ಮಾನದಲ್ಲಿ, ಪ್ರತ್ಯಯದಲ್ಲಿ. ನಮ್ಮ ಕಡೆಯ ಕುಂಟ್ಯಾ, ಕುಡ್ಡ್ಯಾ, ಕೆಪ್ಪ್ಯಾ ಎಂಬ ಅಡ್ಡಹೆಸರುಗಳಲ್ಲಿ ಚುಚ್ಚುವುದು ಕೊನೆಯ ‘ಯಾ’. ಅದೇ ಬಾಯಿ, ಗೌರವ ಕೊಡಬೇಕೆಂದಾಗ, “ಅವರಿಗೆ ಕಣ್ಣ ಕಾಣಂಗಿಲ್ರಿ” ಎನ್ನುತ್ತದೆ. ವ್ಯಕ್ತಿ ‘ಅವರು’ ಆಗಿ ಉಳಿದರು, ಕಾಣದಿರುವುದು ಕಣ್ಣಿನ ಸಂಗತಿಯಾಯಿತು. ‘ವ್ಯಕ್ತಿ ಮೊದಲು, ವೈಕಲ್ಯ ಆಮೇಲೆ’ ಎಂದು ಪಶ್ಚಿಮದಲ್ಲಿ ಚಳವಳಿ ಮಾಡಿ ಸಾಧಿಸಿದ್ದನ್ನು ನಮ್ಮ ಚತುರ್ಥಿ ವಿಭಕ್ತಿ ಸದ್ದಿಲ್ಲದೆ ಮಾಡಿಕೊಂಡು ಬಂದಿದೆ.

ಗೌರವದಿಂದ ಕರೆಯುವ ಇನ್ನೊಂದು ದಾರಿಯೂ ಇಲ್ಲಿಯದೇ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರ ಸ್ಥಾಪಿಸಿದರು. ಅವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳಿಗೂ (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿರಲಿಲ್ಲ. ಜನ ಅವರನ್ನು ಕರೆದದ್ದು ವಿದ್ಯೆಯ ಹೆಸರಿನಿಂದ, ‘ಗವಾಯಿಗಳು’ ಎಂದು.

ಸರ್ಕಾರಿ ಕಡತದ ಕಥೆ ಬೇರೆ. ಬ್ರಿಟಿಷರ ಜನಗಣತಿ 1931ರವರೆಗೂ ಕುರುಡರು, ಕಿವುಡ-ಮೂಗರು, ಕುಷ್ಠರೋಗಿಗಳು, ಹುಚ್ಚರು ಎಂದು ಜನರನ್ನು ಎಣಿಸಿತು. ಆಮೇಲೆ ಬಂದದ್ದು ‘ಅಂಗವಿಕಲ’. ಅದು ಒರಟೆನಿಸಿ ‘ವಿಕಲಚೇತನ’ ಬಂತು. ಇಂದು ರಾಜ್ಯದಲ್ಲಿರುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಸಮಾಸ ಬಿಡಿಸಿ ನೋಡಿ: ಮೊದಲು ಅಂಗಕ್ಕಿದ್ದ ಊನ ಈಗ ಚೇತನಕ್ಕೇ ತಗುಲಿದೆ. ಸದುದ್ದೇಶದ ಪದ, ಕೆಟ್ಟ ಸಮಾಸ. ಆ ಎಡವಟ್ಟನ್ನು ತಿದ್ದಲೆಂಬಂತೆ ‘ವಿಶೇಷಚೇತನ’ವೂ ಚಾಲ್ತಿಗೆ ಬಂತು. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ‘ದಿವ್ಯಾಂಗ’ವನ್ನು ಮುಂದಿಟ್ಟರು, ಆ ಪದ ವಿವಾದಾತ್ಮಕವೆಂದು ವಿಶ್ವಸಂಸ್ಥೆಯ ಸಮಿತಿ 2019ರಲ್ಲಿ ಹೇಳಿತು. ಕಾಲಿಲ್ಲದವನಿಗೆ ಬೇಕಾದದ್ದು ಪಂಚಾಯಿತಿ ಕಟ್ಟಡಕ್ಕೆ ಇಳಿಜಾರು. ದೈವತ್ವವನ್ನು ಅವನು ಕೇಳಿರಲಿಲ್ಲ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ವೈಕಲ್ಯವಿರುವವರು 13.24 ಲಕ್ಷ. ಅವರನ್ನು ಏನೆಂದು ಕರೆಯಬೇಕೆಂಬ ಜಗಳ ತೀರಿಲ್ಲ. ಹೇಗೆ ಕರೆಯಬಾರದೆಂಬುದನ್ನು ಮಾತ್ರ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಂ ಹೇಳಿದೆ: ನಾಲ್ಕು ಜನರೆದುರು ಬೇಕೆಂದೇ ಹೀಯಾಳಿಸಿದವರಿಗೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಸೆರೆವಾಸ, ಜೊತೆಗೆ ದಂಡ.